ಗ್ಲಾಸ್ಗೋದಲ್ಲಿ ನಾನು ಹಾಕದ ಓಟು

ಆಖೆನ್ ಪಟ್ಟಣದ ನಡುವೆ ಬಿಸಿನೀರಿನ ಬುಗ್ಗೆಯೊಂದಿದೆ. ಸಾಲು ಕಂಬಗಳ ಮಂಟಪದ ಕೆಳಗೆ ಗೋಡೆಯಿಂದ ನೀರು ಬೀಳುತ್ತದೆ. ಅದು ಗಂಧಕದ ನೀರು, ಹಾಗಾಗಿ ಹತ್ತಿರ ಹೋದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಊರಿನವರಿಗೆ ಅದು ರೂಢಿಯಾಗಿದೆ. ಕಳೆದ ತಿಂಗಳು ಕೆಲಸದ ಮೇಲೆ ಅಲ್ಲಿಗೆ ಹೋದಾಗ ಜಿನುಗು ಮಳೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಗಾಳಿ ತಿರುಗಿತು, ವಾಸನೆ ಬಂತು, ಕೋಟಿನ ಜೇಬಿನೊಳಗೆ ನನ್ನ ಬಲಗೈ ನಡುಗತೊಡಗಿತು. ಚಳಿಗೆ ಇರಬೇಕು ಅಂದುಕೊಂಡೆ. ಆದರೆ ಚಳಿ ಅಷ್ಟಿರಲಿಲ್ಲ.

ಆ ಕೈ ಹಾಗೆ ನಡುಗಿದ್ದು ಕೆಲವು ವರ್ಷಗಳ ಹಿಂದಿನ ಒಂದು ಶರತ್ಕಾಲದಲ್ಲಿ, ಇದೇ ಊರಿನಲ್ಲಿ. ನಡೆದದ್ದು ದೊಡ್ಡದೇನಲ್ಲ, ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಆದರೂ ನೆನಪಿರುವಷ್ಟನ್ನು ಇದ್ದ ಹಾಗೆ ಬರೆದಿಡಬೇಕು ಅನ್ನಿಸಿದೆ.

ಊರಿನ ಹೊರವಲಯದಲ್ಲಿದ್ದ ನಮ್ಮ ಕಂಪನಿ ಒತ್ತಡ ಅಳೆಯುವ ಸೆನ್ಸರ್‌ಗಳನ್ನು ಮಾಡುತ್ತಿತ್ತು. ಮುಖ್ಯ ಕಚೇರಿ ಬವೇರಿಯಾದಲ್ಲಿ. ಆಖೆನ್ ಘಟಕದಲ್ಲಿ ನೂರಕ್ಕೂ ಕಡಿಮೆ ಜನ. ನಾನು ಪರೀಕ್ಷಾ ಲ್ಯಾಬಿನಲ್ಲಿದ್ದೆ. ಸೆನ್ಸರ್‌ಗಳನ್ನು ಬಿಸಿ ಮಾಡಿ, ಹೆಪ್ಪುಗಟ್ಟಿಸಿ, ಅಲುಗಾಡಿಸಿ, ಯಾವುದು ಎಲ್ಲಿ ಸೋಲುತ್ತದೆ ಎಂದು ನೋಡಿ ಬರೆಯುವುದು ನಮ್ಮ ಕೆಲಸ. ಲ್ಯಾಬಿನಲ್ಲಿ ಒಂಬತ್ತು ಮಂದಿ, ಅದರಲ್ಲಿ ಕನ್ನಡದವರು ಇಬ್ಬರು: ಗದಗಿನ ನಾನು, ಮೈಸೂರಿನ ಮಹೇಶ. ಮಹೇಶನ ಹೆಂಡತಿ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು.

ಜರ್ಮನಿಯ ಕಂಪನಿಗಳಲ್ಲಿ ಬೆಟ್ರೀಬ್ಸ್‌ರಾಟ್ ಎಂದೊಂದು ಮಂಡಳಿ ಇರುತ್ತದೆ. ನೌಕರರೇ ಓಟು ಹಾಕಿ ಆರಿಸುವ ಮಂಡಳಿ. ನೌಕರರಿಗೆ ತಟ್ಟುವ ದೊಡ್ಡ ಬದಲಾವಣೆ ಮಾಡುವ ಮುಂಚೆ ಆಡಳಿತ ಅದರ ಜತೆ ಮಾತಾಡಲೇಬೇಕು. ಇದರಲ್ಲಿ ಪೌರತ್ವ ಯಾರೂ ಕೇಳುವುದಿಲ್ಲ. ಈ ದೇಶದಲ್ಲಿ ನನಗೆ ಬೇರೆ ಯಾವ ಓಟೂ ಇರಲಿಲ್ಲ. ಗದಗಿನ ಮತದಾರರ ಪಟ್ಟಿಯಲ್ಲಿ ಹೆಸರಿತ್ತು, ಆದರೆ ಅಲ್ಲಿಗೆ ಹೋಗಿಯೇ ಹಾಕಬೇಕು. ಚುನಾವಣೆಗೆ ಲ್ಯಾಬಿನಿಂದ ಒಬ್ಬರು ನಿಲ್ಲಬೇಕು ಎಂದಾಗ ಯಾರೂ ಮುಂದೆ ಬರಲಿಲ್ಲ, ನನ್ನ ಹೆಸರು ಬರೆದರು, ನಾನು ಬೇಡ ಅನ್ನಲಿಲ್ಲ. ಆರಿಸಿ ಬಂದೆ. ಅಕ್ಷರ ನೀಟಾಗಿದೆ, ಅವಸರವಿಲ್ಲದೆ ಬರೆಯುತ್ತಾನೆ ಎಂದು ಸಭೆಯ ನಡಾವಳಿ ಬರೆಯುವ ಕೆಲಸವನ್ನೂ ಕೊಟ್ಟರು.

ಮಂಡಳಿಯಲ್ಲಿ ನಾವು ಐವರು. ಅಧ್ಯಕ್ಷ ಕ್ರೇಮರ್, ನಿವೃತ್ತಿಗೆ ಹತ್ತಿರವಾಗಿದ್ದ ವರ್ಕ್‌ಶಾಪಿನ ಹಿರಿಯರು. ಜೋಡಣಾ ವಿಭಾಗದ ಫ್ರಾವ್ ಐದಿನ್, ಫ್ರಾವ್ ಅಂದರೆ ಶ್ರೀಮತಿ. ಮಾರಾಟ ವಿಭಾಗದ ಲೂಕಾಸ್. ನಾನು. ಐದನೆಯವಳು ಫಿಯೋನಾ. ಅವಳು ಗ್ಲಾಸ್ಗೋದವಳು, ಆಖೆನ್‌ಗೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು, ನಮ್ಮ ಸೆನ್ಸರ್‌ಗಳ ಕೈಪಿಡಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಳು. ಕಾರ್ಮಿಕ ಕಾನೂನಿನ ಪುಸ್ತಕವನ್ನು ಊಟದ ಡಬ್ಬಿಯ ಹಾಗೆ ಚೀಲದಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದಳು.

ಕಂಪನಿಯ ಎದುರಿಗೆ ಸೂಪರ್ ಮಾರ್ಕೆಟ್ಟಿತ್ತು. ಒಳಗೆ ಖಾಲಿ ಬಾಟಲಿ ವಾಪಸ್ ಪಡೆದು ಅದರ ಠೇವಣಿ ದುಡ್ಡು ಕೊಡುವ ಯಂತ್ರ. ಕಚೇರಿ ಅಡುಗೆಮನೆಯಲ್ಲಿ ಸೇರಿದ ಬಾಟಲಿಗಳನ್ನು ಶುಕ್ರವಾರ ಸಂಜೆ ಅಲ್ಲಿಗೆ ಒಯ್ಯುವುದು ಫಿಯೋನಾಳ ಪಾಳಿ, ಎರಡನೇ ಚೀಲ ನನ್ನದು. ಆ ಬೇಸಿಗೆಯಿಡೀ ಅವಳು ಪ್ಲಾಸ್ಟಿಕ್ ಬಾಟಲಿಗಳನ್ನು ಮಾತಿಲ್ಲದೆ ಹಾಕುತ್ತಿದ್ದಳು. ಗಾಜಿನ ಬಾಟಲಿ ಬಂದಾಗ ಮಾತ್ರ ಅದನ್ನೊಮ್ಮೆ ಎತ್ತಿ ಹಿಡಿದು, “ಇದು ಲಂಡನ್ನಿಗೆ” ಎಂದು ಒಳಗೆ ತಳ್ಳುತ್ತಿದ್ದಳು. ಒಂದು ದಿನ ಕೇಳಿದೆ. ಸ್ಕಾಟ್ಲೆಂಡಿಗೆ ತನ್ನದೇ ಪಾರ್ಲಿಮೆಂಟಿದೆ, ಎಡಿನ್‌ಬರೊದಲ್ಲಿ. ಆರೋಗ್ಯ, ಶಾಲೆ, ಪರಿಸರ ಅದರ ಕೈಯಲ್ಲಿದೆ ಎಂದು ವಿವರಿಸಿದಳು. ಇಲ್ಲಿಯ ಹಾಗೆಯೇ ಬಾಟಲಿ ವಾಪಸ್ ಪಡೆಯುವ ವ್ಯವಸ್ಥೆ ಮಾಡಲು ಆ ಪಾರ್ಲಿಮೆಂಟು ಹೊರಟಿತ್ತು, ನಿಯಮವೂ ಆಗಿತ್ತು. ಕೊನೆಯ ಹಂತದಲ್ಲಿ ಲಂಡನ್ ಸರ್ಕಾರ, ದೇಶಕ್ಕೆಲ್ಲ ಮಾರುಕಟ್ಟೆ ಒಂದೇ, ಗಾಜು ಬಿಟ್ಟು ಮಾಡುವುದಾದರೆ ಮಾಡಿ ಎಂದಿತು. ಯೋಜನೆ ಅಲ್ಲಿಗೇ ನಿಂತಿತು.

ನಮ್ಮಲ್ಲೂ ಇದೆ ಎಂದೆ. ವಿಧಾನಸೌಧದಲ್ಲಿ ಪಾಸಾದ ಮಸೂದೆ ರಾಜಭವನದಲ್ಲಿ ಕೂರುತ್ತದೆ, ಅಲ್ಲಿಂದ ದೆಹಲಿಗೆ ಹೋಗಿ ಅಲ್ಲೂ ಕೂರುತ್ತದೆ. ಅವಳು ನಗಲಿಲ್ಲ. ತಮ್ಮ ಪಾರ್ಲಿಮೆಂಟು ಸ್ವಾತಂತ್ರ್ಯದ ಪ್ರಶ್ನೆಯನ್ನು ಜನರ ಮುಂದೆ ಇನ್ನೊಮ್ಮೆ ಇಡಲು ಹೋದಾಗ, ಲಂಡನ್ನಿನ ಒಪ್ಪಿಗೆ ಇಲ್ಲದೆ ಆಗದು ಎಂದು ಸುಪ್ರೀಂ ಕೋರ್ಟು ಹೇಳಿದ್ದನ್ನು ತಿಳಿಸಿದಳು. “ಉತ್ತರ ಆಮೇಲಿನ ಮಾತು. ಪ್ರಶ್ನೆ ಕೇಳೋದಕ್ಕೂ ಅವರನ್ನೇ ಕೇಳಬೇಕು.”

ಗ್ಲಾಸ್ಗೋದಲ್ಲಿ ಒಂದು ವರ್ಷ ಓದಿದವನು ನಾನು ಎಂದು ಅವಳಿಗೆ ಗೊತ್ತಿತ್ತು. ಯಾವ ವರ್ಷ ಎಂದು ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಬವೇರಿಯಾದಿಂದ ಪತ್ರ ಬಂತು. ಎಲ್ಲ ಘಟಕಗಳ ಮಂಡಳಿಗಳ ಮೇಲೆ ಕಂಪನಿಗೊಂದು ಕೇಂದ್ರ ಮಂಡಳಿಯಿತ್ತು. ಅದರ ಅಧ್ಯಕ್ಷ ಫೋಗ್ಟ್ ಎಂಬುವರು ಬರೆದದ್ದು. ಆಡಳಿತ ಆಖೆನ್ ಲ್ಯಾಬನ್ನು ಮುಚ್ಚಿ ಬವೇರಿಯಾಕ್ಕೆ ಒಯ್ಯುವ ಯೋಚನೆಯಲ್ಲಿದೆ, ಮಾರ್ಚ್ ಒಳಗೆ. ಒಂಬತ್ತೂ ಮಂದಿಗೆ ಅಲ್ಲಿ ಕೆಲಸವಿದೆ. ಬಾರದವರಿಗೆ ಪರಿಹಾರ ಕೊಟ್ಟು ಬಿಡುಗಡೆ. ಈ ಮಾತುಕತೆ ನಡೆಸುವ ಅಧಿಕಾರವನ್ನು ಆಖೆನ್ ಮಂಡಳಿ ಕೇಂದ್ರ ಮಂಡಳಿಗೆ ವಹಿಸಿಕೊಡಬೇಕು. ಪತ್ರದಲ್ಲಿ ಇದ್ದದ್ದು ಇಷ್ಟು.

ಯೂರೋಪಿನ ಹೊರಗಿನಿಂದ ಕೆಲಸಕ್ಕೆ ಬಂದವರಿಗೆ ಕೊಡುವ ಬ್ಲೂ ಕಾರ್ಡ್ ಪರವಾನಗಿಯಲ್ಲಿ ನಾನಿದ್ದೆ. ಕಾಯಂ ವಾಸದ ಪತ್ರಕ್ಕೆ ಅರ್ಜಿ ಹಾಕಲು ಇನ್ನೂ ಏಳು ತಿಂಗಳು ಕೆಲಸ ಮಾಡಬೇಕಿತ್ತು. ಮಾರ್ಚ್ ಅಂದರೆ ಐದು ತಿಂಗಳು ಚಿಲ್ಲರೆ. ಮಹೇಶನದೂ ಹೆಚ್ಚುಕಡಿಮೆ ಅದೇ ಸ್ಥಿತಿ. ಬವೇರಿಯಾಕ್ಕೆ ಹೋದರೆ ಅವನ ಹೆಂಡತಿ ಓದು ಬಿಡಬೇಕು, ಇಲ್ಲವೇ ಇಬ್ಬರೂ ಎರಡು ಊರಿನಲ್ಲಿರಬೇಕು.

ಗುರುವಾರ ಸಭೆ ಸೇರಿತು. ಹೊರಗೆ ಮಳೆ. ಕ್ರೇಮರ್ ಪತ್ರ ಓದಿ ತಮ್ಮ ಅಭಿಪ್ರಾಯ ಹೇಳಿದರು: ಕೇಂದ್ರ ಮಂಡಳಿಗೆ ವಕೀಲರಿದ್ದಾರೆ, ಇಪ್ಪತ್ತು ವರ್ಷದ ಅನುಭವವಿದೆ, ನಮಗಿರುವುದು ವಾರಕ್ಕೊಂದು ಗುರುವಾರ. ಅಧಿಕಾರ ಕೊಟ್ಟರೂ ಬೇಕಾದಾಗ ವಾಪಸ್ ಪಡೆಯಬಹುದು. ಅವರು ಪ್ರಾಮಾಣಿಕವಾಗಿ ಹೇಳಿದರು. ಅವರ ಮೇಲೆ ನನಗೆ ಅವತ್ತೂ ಸಿಟ್ಟಿರಲಿಲ್ಲ, ಇವತ್ತೂ ಇಲ್ಲ.

ಫಿಯೋನಾ ಪುಸ್ತಕ ತೆರೆಯಲಿಲ್ಲ. ವಾಪಸ್ ಪಡೆಯುವ ಹೊತ್ತಿಗೆ ಲ್ಯಾಬಿನ ಯಂತ್ರಗಳು ಲಾರಿಯ ಮೇಲಿರುತ್ತವೆ ಎಂದಳು. ಒಂದೇ ಘಟಕಕ್ಕೆ ಸಂಬಂಧಿಸಿದ ವಿಷಯ ಆ ಘಟಕದ ಮಂಡಳಿಯದೇ. ಮೇಲಿನವರು ಅದನ್ನು ಕಿತ್ತುಕೊಳ್ಳುವಂತಿಲ್ಲ, ನಾವಾಗಿ ಕೊಡಬೇಕು. ಆಮೇಲೆ ಅವಳು ಹೇಳಿದ್ದನ್ನು ನಾನು ನಡಾವಳಿಯಲ್ಲಿ ಪದಕ್ಕೆ ಪದ ಬರೆದುಕೊಂಡಿದ್ದೆ: “ನನ್ನ ದೇಶದ ಪಾರ್ಲಿಮೆಂಟು ಲಂಡನ್ನನ್ನು ಕೇಳಬೇಕು. ಇಲ್ಲಿ ಬವೇರಿಯಾ ನಮ್ಮನ್ನು ಕೇಳಬೇಕು. ಅಲ್ಲಿ ಇಲ್ಲದ ಅಧಿಕಾರ ಈ ಐದು ಕುರ್ಚಿಗಳಿಗಿದೆ. ಅದನ್ನು ಟಪಾಲಿನಲ್ಲಿ ಹಾಕಿ ಕಳಿಸೋಣ ಅಂತೀರಾ?”

ಮತಕ್ಕೆ ಹಾಕಿದರು. ವಹಿಸಿಕೊಡುವ ಪರ ಕ್ರೇಮರ್, ಲೂಕಾಸ್. ವಿರುದ್ಧ ಫಿಯೋನಾ, ಫ್ರಾವ್ ಐದಿನ್. ನಾನು ಎರಡಕ್ಕೂ ಕೈ ಎತ್ತಲಿಲ್ಲ. ತಟಸ್ಥ, ಒಂದು ಎಂದು ನನ್ನ ಕೈಯಾರೆ ಬರೆದುಕೊಂಡೆ.

ಯಾಕೆ ಎತ್ತಲಿಲ್ಲ ಎಂದು ಆ ಹೊತ್ತು ಯಾರಾದರೂ ಕೇಳಿದ್ದರೆ, ನಾನು ಹೊರಗಿನವನು, ಇವರ ನಡುವಿನ ತಕರಾರಿನಲ್ಲಿ ನಾನ್ಯಾಕೆ ಎಂದು ಹೇಳುತ್ತಿದ್ದೆ. ಅತಿಥಿಗಳ ಮರ್ಯಾದೆ ಅದು. ಪರದೇಶದಲ್ಲಿರುವ ನಮ್ಮವರಲ್ಲಿ ಅನೇಕರು ಹೀಗೆಯೇ ಬದುಕುತ್ತೇವೆ. ಊಟಕ್ಕೆ ಕರೆದ ಮನೆಯಲ್ಲಿ ಗಂಡ ಹೆಂಡತಿ ಜಗಳವಾಡಿದರೆ ತಟ್ಟೆ ನೋಡುತ್ತ ಕೂರುವ ಹಾಗೆ. ಮುಚ್ಚುವ ಲ್ಯಾಬ್ ನನ್ನದೇ, ಹೋಗುವ ಕೆಲಸವೂ ನನ್ನದೇ ಎಂಬುದು ಕೈ ಎತ್ತದಿರುವಾಗ ತಲೆಗೇ ಬರಲಿಲ್ಲ.

ಕ್ರೇಮರ್ ಎಣಿಸಿ, ಐವರಲ್ಲಿ ಮೂವರು ಒಪ್ಪಬೇಕಿತ್ತು, ಇಬ್ಬರೇ ಒಪ್ಪಿದ್ದರಿಂದ ಪ್ರಸ್ತಾವ ಬಿದ್ದಿದೆ ಎಂದರು. ಆಮೇಲೆ ನನ್ನ ಕಡೆ ನೋಡಿ, ಮುಂದಿನ ವಾರ ಮತ್ತೆ ತರುತ್ತೇನೆ, ಫೋಗ್ಟ್ ಅವರೇ ಬರಲಿದ್ದಾರೆ ಎಂದರು. ಉಳಿದ ಮೂವರೂ ನನ್ನ ಕಡೆಯೇ ನೋಡಿದರು. ಆಗ ಗೊತ್ತಾಯಿತು.

ಮಹೇಶನಿಗೆ ಹೇಳಿದಾಗ ಅವನು ತಲೆ ಕೆರೆದುಕೊಂಡ. “ಗುರು, ಯಾರ ಕಣ್ಣಿಗೂ ಬೀಳಬಾರ್ದು ಅಂತ ಹೋಗಿ ಸ್ಟೇಜ್ ಮಧ್ಯ ನಿಂತ್ಕೊಂಡ್ಯಲ್ಲ. ಈಗ ಐದು ಜನದಲ್ಲಿ ಅವ್ರಿಗೆ ಬೇಕಾಗಿರೋದು ನೀನೊಬ್ನೇ.”

“ನಾ ಏನೂ ಮಾಡಿಲ್ಲಪಾ.”

“ಅದನ್ನೇ ಮಾಡಿರೋದು ನೀನು.”

ಅವತ್ತು ಸಂಜೆ ಫಿಯೋನಾ ಜತೆ ಪೇಟೆಯವರೆಗೆ ಬಸ್ಸಿನಲ್ಲಿ ಬಂದು, ಮುಂದಿನ ಬಸ್ಸಿಗಾಗಿ ಬುಗ್ಗೆಯ ಮಂಟಪದಲ್ಲಿ ನಿಂತಿದ್ದೆವು. ಮಳೆ ಜೋರಾಗಿತ್ತು, ಗಂಧಕದ ವಾಸನೆ ಮಾಡಿನ ಕೆಳಗೇ ಕಟ್ಟಿಕೊಂಡಿತ್ತು. ಅವಳು ಸಭೆಯ ಮಾತೆತ್ತಲಿಲ್ಲ. ಅದೇ ನನಗೆ ಕಷ್ಟವಾಯಿತು. ಸಮಜಾಯಿಷಿ ಕೊಡಲು ಹೋಗಿ, ಇದು ನನ್ನ ಹಳೆಯ ಅಭ್ಯಾಸ, ಗ್ಲಾಸ್ಗೋದಲ್ಲೂ ಹೀಗೆಯೇ ಮಾಡಿದ್ದೆ ಎಂದುಬಿಟ್ಟೆ.

ಯಾವಾಗ ಎಂದು ಕೇಳಿದಳು. ಎರಡು ಸಾವಿರದ ಹದಿನಾಲ್ಕು ಎಂದೆ. ಸೆಪ್ಟೆಂಬರಿನಲ್ಲಿ ಅಲ್ಲಿದ್ದೆಯಾ ಎಂದಳು. ಇದ್ದೆ ಎಂದೆ.

ಆ ತಿಂಗಳು ಸ್ಕಾಟ್ಲೆಂಡ್ ಸ್ವತಂತ್ರ ದೇಶವಾಗಬೇಕೇ ಎಂದು ಜನಮತ ಕೇಳಿದ್ದರು. ಅಲ್ಲಿ ವಾಸವಿದ್ದವರಿಗೆ ಓಟು. ಕಾಮನ್‌ವೆಲ್ತ್ ದೇಶದವರಾದ್ದರಿಂದ ನಮ್ಮಂಥ ವಿದ್ಯಾರ್ಥಿಗಳಿಗೂ. ಹಾಸ್ಟೆಲಿನಲ್ಲಿ ಕೊಟ್ಟ ಫಾರಂ ತುಂಬಿದ್ದೆ, ಮತದಾರರ ಚೀಟಿ ನನ್ನ ಹೆಸರಿಗೆ ಬಂದಿತ್ತು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಫೋಟೊ ತೆಗೆದು ಗದಗಿಗೆ ಕಳಿಸಿದ್ದೆ. ಅಪ್ಪ ಫೋನು ಮಾಡಿ, ಇನ್ನೊಬ್ಬರ ಮನೆಯ ವಿಚಾರ, ತಲೆ ಹಾಕಬೇಡ ಅಂದಿದ್ದರು. ಅವರು ಅನ್ನದಿದ್ದರೂ ನಾನು ಹೋಗುತ್ತಿರಲಿಲ್ಲ.

“ಓಟು ಹಾಕಿದೆಯಾ?” ಫಿಯೋನಾ ಕೇಳಿದಳು.

“ಇಲ್ಲ.”

“ಮತ್ತೆ ಏನು ಮಾಡಿದೆ ಆ ದಿನ?”

“ಬಟ್ಟೆ ಒಗೆದೆ. ಲಾಂಡ್ರಿಯಲ್ಲಿ ಯಂತ್ರಗಳೆಲ್ಲ ಖಾಲಿ ಇದ್ದವು.”

ಅದೇ ಸೆಪ್ಟೆಂಬರಿನಲ್ಲಿ ತಾನು ಎರಡು ವಾರ ರಜೆ ಹಾಕಿ ಗ್ಲಾಸ್ಗೋಗೆ ಹೋಗಿದ್ದಾಗಿ ಅವಳು ಹೇಳಿದಳು. ಬೆಳಗಿನಿಂದ ಸಂಜೆಯವರೆಗೆ ಬಾಗಿಲು ಬಾಗಿಲು ತಟ್ಟಿ, ಹೌದು ಅನ್ನಿ ಎಂದು ಕೇಳಿದ್ದಳು. ತಾನೇ ಓಟು ಹಾಕುವಂತಿರಲಿಲ್ಲ. ಅಲ್ಲಿ ಹುಟ್ಟಿದವಳು ನಿಜ, ಆದರೆ ವಾಸ ಜರ್ಮನಿಯಲ್ಲಿ. ಹೊರಗಿದ್ದ ಸ್ಕಾಟರಿಗೆ ಆ ಓಟು ಇರಲಿಲ್ಲ.

“ನೀನು ಬೇಡ ಅಂತ ಓಟು ಹಾಕಿದ್ದರೆ ಈಗ ಇಲ್ಲೇ ಜಗಳ ಆಡ್ತಿದ್ದೆ, ನನಗೂ ಸಮಾಧಾನ ಆಗ್ತಿತ್ತು” ಅಂದಳು. “ಬಟ್ಟೆ ಒಗೆದವನ ಹತ್ತಿರ ಏನಂತ ಜಗಳ ಆಡಲಿ?”

ಅವಳ ಬಸ್ಸು ಬಂತು. ಹೋದಳು. ನನ್ನ ಬಸ್ಸು ಬಂದದ್ದನ್ನು ನಾನು ನೋಡಲಿಲ್ಲ. ಅದರ ನಂತರದ್ದಕ್ಕೆ ಹತ್ತಿದೆ.

ಮುಂದಿನ ಬುಧವಾರ ಫೋಗ್ಟ್ ಬಂದರು. ಎತ್ತರದ ಆಳು, ಮೆಲು ಮಾತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ತಾವಾಗಿಯೇ ತಟ್ಟೆ ಹಿಡಿದು ನನ್ನೆದುರು ಬಂದು ಕುಳಿತರು. ನನ್ನ ತಟ್ಟೆ ನೋಡಿ, ಹಂದಿ ಮಾಂಸವಿಲ್ಲದ ಊಟ ಬವೇರಿಯಾದ ಕ್ಯಾಂಟೀನಿನಲ್ಲೂ ದಿನಾ ಸಿಗುತ್ತದೆ ಎಂದರು. ನನ್ನ ಮಗಳ ವಯಸ್ಸು ಕೇಳಿದರು. ವಾಸದ ಪತ್ರದ ವಿಷಯ ಅವರಿಗೆ ಹೇಗೋ ತಿಳಿದಿತ್ತು. ನನ್ನಂಥ ಅನುಭವಿಗೆ ಅಲ್ಲಿ ಖಚಿತವಾದ ಜಾಗ ನೋಡಬಹುದು, ಮಾರ್ಚ್ ತನಕ ಕಾಯಬೇಕಾಗಿಲ್ಲ, ನಾಳಿನ ಸಭೆ ಸುಸೂತ್ರವಾಗಿ ಮುಗಿದರೆ ತಾವೇ ಆಡಳಿತದ ಜತೆ ಮಾತಾಡುವುದಾಗಿ ಹೇಳಿದರು. ಬೆದರಿಕೆಯ ಒಂದು ಮಾತೂ ಇರಲಿಲ್ಲ. ಏಳುವಾಗ ನನ್ನ ಭುಜ ತಟ್ಟಿದರು.

ನಾನು ಲ್ಯಾಬಿಗೆ ಹೋಗಿ ಕೈ ತೊಳೆದೆ. ಯಾಕೆ ತೊಳೆದೆನೋ ತಿಳಿಯದು, ಊಟ ಆದ ಮೇಲೆ ಒಮ್ಮೆ ತೊಳೆದಿದ್ದೆ. ನಿಜ ಹೇಳಬೇಕೆಂದರೆ, ಒಂದು ಗಂಟೆ ಹೊತ್ತು ಆ ಜಾಗದ ಬಗ್ಗೆಯೇ ಯೋಚಿಸಿದೆ. ಒಳ್ಳೆಯ ಜಾಗವೇ ಇರಬೇಕು ಅಂದುಕೊಂಡೆ.

ಮಹೇಶನಿಗೆ ಹೇಳಿದೆ, ಅವನಿಂದ ಮುಚ್ಚಿಡುವುದು ಆಗಲಿಲ್ಲ. ಅವನು ಬೈಯಲಿಲ್ಲ. ಅಷ್ಟರಲ್ಲಿ ಎಲ್ಲ ಎಣಿಸಿ ಇಟ್ಟಿದ್ದ. “ನಾಳೆನೂ ಸುಮ್ನೆ ಕೂತ್ಕೋ. ಮೂರು ಬೇಕು, ಎರಡೇ ಬೀಳುತ್ತೆ, ಪ್ರಸ್ತಾವ ಹೋಗುತ್ತೆ. ಅವರ ಜೊತೆಗೂ ಚೆನ್ನಾಗಿರ್ತೀಯ, ನಮಗೂ ಕೆಲಸ ಆಯ್ತು.”

“ಅವರು ಮತ್ತ ಮೂರನೇ ಗುರುವಾರ ಬರತಾರ.”

“ಬರ್ಲಿ ಬಿಡು. ಕೂತ್ಕೋ ಮತ್ತೆ.”

“ಎಷ್ಟು ಗುರುವಾರ ಕೂಡ್ಲಿ ಮಹೇಶಾ?”

ಅವನ ಲೆಕ್ಕ ಸರಿಯಾಗಿಯೇ ಇತ್ತು. ನಾನು ಏನೂ ಮಾಡದೆ ನಮಗೆ ಬೇಕಾದ್ದು ಸಿಗುವಂತಿತ್ತು. ಆ ಶರತ್ಕಾಲದಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಅದೇ. ಸುಮ್ಮನೆ ಕೂತರೂ ನಡೆಯುತ್ತದೆ ಎಂದು ಗೊತ್ತಾದವನು ಮತ್ತೆ ಯಾವತ್ತೂ ಏಳುವುದಿಲ್ಲ.

ಮನೆಯಲ್ಲಿ ನಮ್ಮ ಮಾತು ದಖ್ಖನಿ ಉರ್ದು. ಹೆಂಡತಿ ಶಾಹೀನ್ ಎಲ್ಲ ಕೇಳಿಸಿಕೊಂಡು, ಮಗಳ ಮಳೆಬೂಟು ಒರೆಸುತ್ತಲೇ ಒಂದು ಪ್ರಶ್ನೆ ಕೇಳಿದಳು: ಸಭೆಯಲ್ಲಿ ಯಾರು ಕೆಮ್ಮಿದರೂ ಬರೆದುಕೊಳ್ಳುವವರು ನೀವು, ಆ ಮನುಷ್ಯ ಕ್ಯಾಂಟೀನಿನಲ್ಲಿ ಹೇಳಿದ್ದನ್ನು ಬರೆದುಕೊಂಡಿರಾ? ಇಲ್ಲ ಎಂದೆ. ಮರೆಯುವ ಮುಂಚೆ ಬರೆದುಕೊಳ್ಳಿ ಎಂದಳು. ಊಟದ ಮೇಜಿನ ಮೇಲೆ ನೋಟ್‌ಬುಕ್ ತೆರೆದು, ಅವರ ಜರ್ಮನ್ ಮಾತನ್ನು ಜರ್ಮನ್ನಿನಲ್ಲೇ, ನೆನಪಿದ್ದ ಅನುಕ್ರಮದಲ್ಲೇ ಬರೆದೆ. ಖಚಿತವಿಲ್ಲದ ಎರಡು ಕಡೆ ಪ್ರಶ್ನೆ ಚಿಹ್ನೆ ಹಾಕಿದೆ. ಒಂದು ಪುಟವಾಯಿತು.

ಗುರುವಾರ ಬೆಳಗ್ಗೆ ಹತ್ತಕ್ಕೆ ಸಭೆ. ಫೋಗ್ಟ್ ಅತಿಥಿಯಾಗಿ ಕಿಟಕಿಯ ಪಕ್ಕ ಕುಳಿತಿದ್ದರು. ಕಾಲು ಗಂಟೆ ಚೆನ್ನಾಗಿ ಮಾತಾಡಿದರು. ಒಗ್ಗಟ್ಟಿನ ಬಗ್ಗೆ, ಸಣ್ಣ ಘಟಕಗಳು ಒಂಟಿಯಾಗಿ ಆಡಳಿತದೆದುರು ನಿಂತರೆ ಆಗುವ ನಷ್ಟದ ಬಗ್ಗೆ. ಅದರಲ್ಲಿ ಸುಳ್ಳಿರಲಿಲ್ಲ. ಕ್ರೇಮರ್ ಮತಕ್ಕೆ ಹಾಕಲು ಹೊರಟಾಗ ನಾನು ಮಾತಾಡಲು ಅವಕಾಶ ಕೇಳಿದೆ. ಆ ಮಂಡಳಿಯಲ್ಲಿ ನಾನು ಅವಕಾಶ ಕೇಳಿದ್ದು ಅದೇ ಮೊದಲು.

ನೋಟ್‌ಬುಕ್ ತೆಗೆದೆ. ಬಲಗೈ ನಡುಗುತ್ತಿತ್ತು, ಹಾಳೆಯ ಅಂಚು ಸದ್ದು ಮಾಡುವಷ್ಟು. ಎಡಗೈಯಿಂದ ಮಣಿಕಟ್ಟು ಹಿಡಿದುಕೊಂಡು ಓದಿದೆ. ಬುಧವಾರ, ಮಧ್ಯಾಹ್ನ ಹನ್ನೆರಡೂವರೆ, ಕ್ಯಾಂಟೀನಿನ ಎಡಗಡೆಯ ಮೂರನೇ ಮೇಜು. ಊಟದ ಮಾತು, ಮಗಳ ಮಾತು, ವಾಸದ ಪತ್ರದ ಮಾತು, ಜಾಗದ ಮಾತು, ಸುಸೂತ್ರವಾಗಿ ಮುಗಿದರೆ ಎಂಬ ಮಾತು. ಪ್ರಶ್ನೆ ಚಿಹ್ನೆ ಇರುವಲ್ಲಿ ಇಲ್ಲಿ ನನಗೆ ಖಚಿತವಿಲ್ಲ ಎಂದೂ ಓದಿದೆ. ಮುಗಿದ ಮೇಲೆ ಫೋಗ್ಟ್ ಕಡೆ ತಿರುಗಿ, ತಪ್ಪು ಬರೆದಿದ್ದರೆ ಹೇಳಿ, ತಿದ್ದುತ್ತೇನೆ ಎಂದೆ.

ಅವರು ಅದು ಖಾಸಗಿ ಮಾತು, ಒಳ್ಳೆಯ ಮನಸ್ಸಿನಿಂದ ಆಡಿದ್ದು ಎಂದರು. ತಪ್ಪು ಯಾವುದೆಂದು ಹೇಳಲಿಲ್ಲ. ಲೂಕಾಸ್ ಮೇಜು ನೋಡುತ್ತಿದ್ದ. ಫ್ರಾವ್ ಐದಿನ್ ನನ್ನ ಕಡೆ ನೀರಿನ ಲೋಟ ತಳ್ಳಿದಳು. ಕ್ರೇಮರ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, “ಪ್ರೊಟೊಕೋಲ್‌ಗೆ ಸೇರಿಸಿ” ಎಂದರು.

ನಡಾವಳಿಗೆ ಸೇರಿತು. ಮತಕ್ಕೆ ಹಾಕಿದರು. ಪರ, ಎರಡು. ವಿರುದ್ಧ ಎಂದಾಗ ಕೈ ಎತ್ತಿದೆ. ಅದು ಇನ್ನೂ ನಡುಗುತ್ತಿತ್ತು, ಎಲ್ಲರಿಗೂ ಕಾಣುತ್ತಿತ್ತು. ಕಾಣಲಿ ಎಂದು ಕ್ರೇಮರ್ ಎರಡು ಸಲ ಎಣಿಸುವವರೆಗೂ ಇಳಿಸಲಿಲ್ಲ. ವಿರುದ್ಧ, ಮೂರು. ತಟಸ್ಥ, ಯಾರೂ ಇಲ್ಲ. ನಾನೇ ಬರೆದೆ. ಅಕ್ಷರ ಅವತ್ತು ನೀಟಾಗಿರಲಿಲ್ಲ.

ಮೂರನೇ ಗುರುವಾರ ಪ್ರಸ್ತಾವ ಬರಲಿಲ್ಲ. ಅಲ್ಲಿಂದ ಮುಂದೆ ಆಡಳಿತದ ಪತ್ರಗಳು ನಮ್ಮ ಹೆಸರಿಗೇ ಬರತೊಡಗಿದವು. ಚಳಿಗಾಲವಿಡೀ ಮಾತುಕತೆ. ನಮಗೆ ಅನುಭವವಿರಲಿಲ್ಲ, ಅದು ನಿಜವೇ ಆಯಿತು. ಎರಡು ಕಡೆ ಎಡವಿದೆವು, ಒಂದು ಗಡುವು ನಮ್ಮಿಂದ ಕೈತಪ್ಪಿತು. ಫಿಯೋನಾ ಗಾಜಿನ ಬಾಟಲಿ ತಳ್ಳುವಷ್ಟೇ ಹಟದಿಂದ ಕಾನೂನಿನ ಕಲಮುಗಳನ್ನು ಮೇಜಿನ ಮೇಲೆ ತಳ್ಳಿದಳು. ಬಟ್ಟೆ ಒಗೆದ ವಿಷಯ ಅವಳು ಮತ್ತೆ ಎತ್ತಲಿಲ್ಲ. ಕ್ಷಮಿಸಿದ್ದೇನೆ ಎಂದೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಲ್ಯಾಬನ್ನು ಪೂರ್ತಿ ಉಳಿಸಿಕೊಳ್ಳಲಾಗಲಿಲ್ಲ. ಬಿಸಿ ಮತ್ತು ಹಿಮದ ಪರೀಕ್ಷೆ ಬವೇರಿಯಾಕ್ಕೆ ಹೋಯಿತು, ಮಾರ್ಚಿನಲ್ಲಲ್ಲ, ಅದರ ಮುಂದಿನ ಮಾರ್ಚಿನಲ್ಲಿ. ಅಲುಗಾಡಿಸುವ ಯಂತ್ರ, ಅದನ್ನು ನಡೆಸುವವರು, ಆಖೆನ್‌ನಲ್ಲೇ ಉಳಿದರು.

ಎಲ್ಲ ಮುಗಿದ ಮೇಲೆ, ನಾನು ಕಂಪನಿ ಬಿಡುವ ಕೆಲವು ದಿನ ಮುಂಚೆ, ಎಲ್ಲ ಘಟಕದವರು ಸೇರಿದ್ದ ಸಭೆಯೊಂದರಲ್ಲಿ ಕಾಫಿಯ ಸಾಲಿನಲ್ಲಿ ಫೋಗ್ಟ್ ನನ್ನ ಮುಂದೆ ಇದ್ದರು. ಗುರುತು ಹಿಡಿದು ಕೈ ಕುಲುಕಿದರು. ಒಂದೂವರೆ ವರ್ಷ ಎಲ್ಲರೂ ದಣಿದೆವು, ಅಧಿಕಾರ ನಮಗೆ ಕೊಟ್ಟಿದ್ದರೂ ಕೊನೆಗೆ ಎಲ್ಲ ಒಂದೇ ಆಗುತ್ತಿತ್ತು ಎಂದರು. ಸಿಟ್ಟಿನಿಂದಲ್ಲ, ಸ್ನೇಹದಿಂದಲೇ.

ಒಂದೇ ಆಗುತ್ತಿರಲಿಲ್ಲ, ಹೆಸರು ಹಿಡಿದು ಹೇಳುತ್ತೇನೆ ಎಂದೆ. ಮಹೇಶ ಆಖೆನ್‌ನಲ್ಲೇ ಇದ್ದಾನೆ, ಅವನ ಹೆಂಡತಿ ಓದು ಮುಗಿಸುತ್ತಿದ್ದಾಳೆ. ಅವನ ಜತೆ ಯಂತ್ರ ನಡೆಸುವ ಮೂವರಿಗೆ ಮನೆ ಬದಲಿಸುವ ಪ್ರಮೇಯ ಬರಲಿಲ್ಲ ಎಂದು ಆ ಮೂವರ ಹೆಸರನ್ನೂ ಒಂದೊಂದಾಗಿ ಹೇಳಿದೆ. ಐದನೆಯವನು ನಾನು, ವಾಸದ ಪತ್ರ ಕೈಗೆ ಬಂದ ಮೇಲೆ, ನಾನೇ ಹುಡುಕಿಕೊಂಡ ಕೆಲಸಕ್ಕೆ ಹೋಗುತ್ತಿದ್ದೇನೆ.

ಅವರು ಕಾಫಿ ತೆಗೆದುಕೊಂಡು, ತಲೆಯಾಡಿಸಿ ಹೊರಡಲು ತಿರುಗಿದರು.

“ಇನ್ನೂ ನಾಲ್ವರಿದ್ದಾರೆ, ಹೊರಡಲು ಒಂದು ವರ್ಷ ಹೆಚ್ಚು ಸಿಕ್ಕವರು” ಎಂದೆ.

ಅವರು ನಿಂತರು. ನಾನು ಆರನೆಯವರ ಹೆಸರು ಹೇಳಿದೆ.